ಎಮ್ಮೆಯ ಲೆಕ್ಕದ ಪುಸ್ತಕ

ಸೆಪ್ಟೆಂಬರ್ 6, 2025, ಶನಿವಾರ. ಫ್ಲೂಗರ್‌ವಿಲ್, ಟೆಕ್ಸಾಸ್

ಬೆಳಿಗ್ಗೆ ಎಮ್ಮೆಗೆ ಪೆಟ್ರೋಲ್ ಕುಡಿಸಿದೆ. 22.4 ಗ್ಯಾಲನ್, ಅರವತ್ತೆರಡೂವರೆ ಡಾಲರ್. ಹಿಂದಿನ ಸಲ ತುಂಬಿಸಿದ ಮೇಲೆ ಓಡಿದ್ದು 287 ಮೈಲಿ. ಅಂದರೆ ಗ್ಯಾಲನ್ನಿಗೆ 12.8. ಪಂಪಿನ ಎದುರು ನಿಂತು ಮೊಬೈಲಿನಲ್ಲಿ ಎರಡು ಸಲ ಭಾಗಿಸಿದೆ. ಎರಡನೇ ಸಲವೂ ಅಷ್ಟೇ ಬಂತು.

ಎಮ್ಮೆ ಅಂದರೆ 2002ರ ಸಿಲ್ವರಾಡೊ ಪಿಕಪ್. 5.3 ಲೀಟರಿನ ವಿ-8 ಎಂಜಿನ್, ನಾಲ್ಕು ಗೇರಿನ ಆಟೊಮ್ಯಾಟಿಕ್, ಫೋರ್ ವೀಲ್ ಡ್ರೈವ್. ಓಡೋಮೀಟರ್ 2,17,000 ಮೈಲಿ ದಾಟಿದೆ. ಮನೆಗಳಿಗೆ ಬಣ್ಣ ಬಳಿಯುವ ಕೆಲಸದವರೊಬ್ಬರು ವಯಸ್ಸಾಯಿತೆಂದು ಮಾರಿದ್ದು. ಅವರ ಏಣಿ ಹೊರುತ್ತಿದ್ದ ಕಬ್ಬಿಣದ ಚೌಕಟ್ಟು ಇನ್ನೂ ಮೇಲೆಯೇ ಕೂತಿದೆ. ಲಾಕ್‌ಹಾರ್ಟ್ ಹತ್ತಿರ ಗುತ್ತಿಗೆಗೆ ಹಿಡಿದಿರುವ ಎರಡೆಕರೆಗೆ ಗೊಬ್ಬರ ಹೊರುವುದು, ಅಲ್ಲಿಂದ ಹೀರೆ, ಬದನೆ, ಅವರೆ ತರುವುದು ಇದರ ಕೆಲಸ. ಮೈ ಕಪ್ಪು, ಹಣೆ ಅಗಲ, 26 ಗ್ಯಾಲನ್ ಹಿಡಿಯುವ ಹೊಟ್ಟೆ. ಹೆಸರಿಟ್ಟವಳು ನನ್ನ ಹೆಂಡತಿ.

ರಾತ್ರಿ ತಿಪಟೂರಿಗೆ ಫೋನು. ಅಪ್ಪ ಗಾಡಿಯ ಬಣ್ಣ, ಬೆಲೆ ಒಂದನ್ನೂ ಕೇಳುವವರಲ್ಲ.

"ಆವರೇಜ್ ಎಷ್ಟು ಕೊಡುತ್ತೋ?"

ಲೀಟರಿಗೆ ಐದೂವರೆ ಕಿಲೋಮೀಟರ್ ಅಂದೆ. ಅಷ್ಟೂ ಇರಲಿಲ್ಲ, ದಾಕ್ಷಿಣ್ಯಕ್ಕೆ ಏರಿಸಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

"ನಮ್ಮ ಲಾರಿ ಹತ್ತು ಟನ್ ಕೊಬ್ಬರಿ ಹೊತ್ಕೊಂಡು ನಾಲ್ಕು ಕೊಡ್ತಿತ್ತು. ನೀನು ಬದನೇಕಾಯಿ ತರಕ್ಕೆ ಐದೂವರೆ."

ಹಳೆಯ ಲಾಂಗ್ ನೋಟ್‌ಬುಕ್ ಒಂದು ಸಿಕ್ಕಿತು. ಇವತ್ತಿನಿಂದ ಎಮ್ಮೆಯ ಲೆಕ್ಕವೂ ಇದರಲ್ಲೇ.

ಸೆಪ್ಟೆಂಬರ್ 13, ಶನಿವಾರ

ಏಣಿ ಚೌಕಟ್ಟು ಬಿಚ್ಚಿದೆ. ಬಿಚ್ಚಿದೆ ಅನ್ನುವುದು ಸುಳ್ಳು, ಆರು ಬೋಲ್ಟುಗಳಲ್ಲಿ ನಾಲ್ಕನ್ನು ಗ್ರೈಂಡರ್ ಹಿಡಿದು ಕತ್ತರಿಸಿದೆ. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ತುಂಡು ತುಂಡಾಗಿ ಇಟ್ಟು ಕೂಡಿಸಿದರೆ 118 ಪೌಂಡ್. ಹಿಂದಿನ ಡಬ್ಬದ ಮೂಲೆಯಲ್ಲಿ ಮರಳಿನ ಮೂಟೆ ಎರಡು, ಯಾವ ಕಾಲದ್ದೋ ಸಿಮೆಂಟ್ ಇಟ್ಟಿಗೆ ಹನ್ನೊಂದು. ನೂರು ಪೌಂಡ್ ಹೆಚ್ಚು ಹೊತ್ತರೆ ಮೈಲೇಜು ಸುಮಾರು ನೂರಕ್ಕೆ ಒಂದು ಪಾಲು ಇಳಿಯುತ್ತದೆ ಅಂತ ಇಲ್ಲಿನ ಇಂಧನ ಇಲಾಖೆಯ ಲೆಕ್ಕ; ಭಾರದ ಗಾಡಿಗೆ ಅದಕ್ಕಿಂತ ಕಡಿಮೆ. ಚೌಕಟ್ಟಿನದು ತೂಕಕ್ಕಿಂತ ಗಾಳಿಯ ಕಾಟ. ಹೆದ್ದಾರಿಯಲ್ಲಿ ಸಿಳ್ಳೆ ಹೊಡೆಯುತ್ತಿತ್ತಲ್ಲ, ಆ ಸಿಳ್ಳೆಗೂ ನಾನೇ ಪೆಟ್ರೋಲ್ ಹಾಕುತ್ತಿದ್ದೆ. ಚೌಕಟ್ಟನ್ನು ತೋಟಕ್ಕೆ ಒಯ್ದು ಹೀರೆಬಳ್ಳಿಗೆ ಚಪ್ಪರ ಮಾಡುವುದು.

ಇವಳ ಕಾರು ಹೈಬ್ರಿಡ್, ಗ್ಯಾಲನ್ನಿಗೆ 50 ಕೊಡುತ್ತದೆ. "ಹದಿಮೂರು ಹದಿನಾರಾದರೆ ಏನು ಮಹಾ ಆಯ್ತು ರೀ? ಅದನ್ನ ಮಾರಿ" ಅಂದಳು. ಕಾಗದ ತೆಗೆದು ಲೆಕ್ಕ ತೋರಿಸಿದೆ. ನೂರು ಮೈಲಿಗೆ ಎಮ್ಮೆ 13ರಲ್ಲಿ ಕುಡಿಯುವುದು 7.7 ಗ್ಯಾಲನ್, 16ರಲ್ಲಿ 6.25. ಉಳಿತಾಯ ಹತ್ತಿರ ಹತ್ತಿರ ಒಂದೂವರೆ. ಅವಳ ಕಾರು 50ರಿಂದ 60ಕ್ಕೆ ಏರಿದರೂ ಉಳಿಯುವುದು ಗ್ಯಾಲನ್ನಿನ ಮೂರನೇ ಒಂದು ಪಾಲು. ಈ ಕಣ್ಕಟ್ಟನ್ನು ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸಾಲ್ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದಿದ್ದರು. ನಮ್ಮ ಕಿಲೋಮೀಟರ್-ಲೀಟರ್ ಲೆಕ್ಕಕ್ಕೂ ಇದೇ ದೋಷ. ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಅಂತ ಕೇಳುವ ಯುರೋಪಿನವರೇ ವಾಸಿ.

ಇವಳು ಕಾಗದ ನೋಡಿ, "ಹಾಗಾದ್ರೆ ಓಡಿಸದೇ ಇದ್ರೆ ಇನ್ನೂ ಉಳಿಯುತ್ತೆ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ

ಆಫೀಸಿಗೆ ಅರ್ಧ ದಿನ ರಜೆ ಹಾಕಿ ಎಮ್ಮೆಯ ಮೈ ತೊಳೆದೆ. ಅರಿಶಿನ, ಕುಂಕುಮ, ಬಾಗಿಲಿಗೆ ಚೆಂಡುಹೂವು. ಬೂದುಗುಂಬಳ ನಮ್ಮ ತೋಟದ್ದೇ. ರಸ್ತೆಯಲ್ಲಿ ಒಡೆದು ಚೂರನ್ನೆಲ್ಲ ತಕ್ಷಣ ಬಳಿದು ತೆಗೆದೆ. ಮೂರು ವರ್ಷದ ಕೆಳಗೆ ಪಕ್ಕದ ಮನೆಯವರು ಇದೇನು ಗಲೀಜು ಅಂತ ಬಡಾವಣೆಯ ಸಂಘಕ್ಕೆ ಬರೆದಿದ್ದರು.

ಚಕ್ರದಡಿ ನಿಂಬೆಹಣ್ಣು ಇಡಲು ಮಂಡಿಯೂರಿ ಕೂತಾಗ ಟೈರಿನ ಮೇಲಿನ ಅಕ್ಷರ ಕಣ್ಣಿಗೆ ಬಿತ್ತು. 265/75ಆರ್16. ಚಾಲಕನ ಬಾಗಿಲಿನ ಸಂದಿಯಲ್ಲಿ ಕಾರ್ಖಾನೆಯವರು ಅಂಟಿಸಿದ ಚೀಟಿಯಲ್ಲಿ ಇರುವುದು 245/75ಆರ್16. ಬಣ್ಣದವರು ಗಾಡಿ ಎತ್ತರ ಕಾಣಲಿ ಅಂತ ದೊಡ್ಡ ಟೈರು ಹಾಕಿಸಿದ್ದಾರೆ. ಕಾಗದದಲ್ಲಿ ಲೆಕ್ಕ ಹಾಕಿದೆ: ಅಡ್ಡಳತೆ 30.5 ಇಂಚು ಇರಬೇಕಾದ್ದು 31.6. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಓಡೋಮೀಟರಿಗೆ ಅದು ಗೊತ್ತಾಗುವುದಿಲ್ಲ. ಸಂಜೆ ಹೆದ್ದಾರಿಯಲ್ಲಿ ಮೈಲಿ ಫಲಕ ನೋಡುತ್ತ ಓಡಿಸಿದೆ. ಇಪ್ಪತ್ತು ಮೈಲಿ ಮುಗಿದಾಗ ಎಮ್ಮೆ 19.2 ತೋರಿಸಿತು.

ಅಂದರೆ ನನ್ನ 12.8 ನಿಜಕ್ಕೆ 13.3! ಒಂದು ಪೈಸೆ ಖರ್ಚಿಲ್ಲದೆ ಅರ್ಧ ಮೈಲಿ. ಆದರೆ ಅದೇ ಲೆಕ್ಕದಲ್ಲಿ ಮುಳ್ಳು 80ರಲ್ಲಿದೆ ಅಂತ ನೆಮ್ಮದಿಯಾಗಿ ಕೂತಾಗೆಲ್ಲ ನಾನು ಹೋಗುತ್ತಿದ್ದದ್ದು 83ರಲ್ಲಿ.

ಗಾಳಿಯನ್ನೂ ನೋಡಿದೆ. ಇರಬೇಕಾದ್ದು 35, ಇದ್ದದ್ದು 27, 28, 26, 29. ಒಂದು ಪಿಎಸ್‌ಐ ಇಳಿದರೆ ನೂರಕ್ಕೆ 0.2 ಪಾಲು ನಷ್ಟ ಅಂತ ಹೇಳುತ್ತಾರೆ, ದೊಡ್ಡದೇನಲ್ಲ. ಆದರೂ ಹಬ್ಬದ ದಿನ ಅರೆಹೊಟ್ಟೆಯ ಟೈರಿಗೆ ಕುಂಕುಮ ಇಟ್ಟೆನಲ್ಲ ಅನ್ನಿಸಿತು.

ಅಕ್ಟೋಬರ್ 4, ಶನಿವಾರ

ಫೋನಿನಲ್ಲಿ ಅಪ್ಪನಿಗೆ ಟೈರಿನ ಕತೆ ಹೇಳಿದೆ. ಅವರು ಕೇಳಿದ್ದೇ ಬೇರೆ.

"ಗಾಡಿ ನಿಲ್ಲಿಸಿದ ಮೇಲೆ ಹಬ್ ಮುಟ್ಟಿ ನೋಡ್ತೀಯಾ?"

ನನಗೆ ಥಟ್ಟನೆ ನೆನಪಾಯಿತು. ಬೇಸಿಗೆ ರಜೆಯಲ್ಲಿ ಅಪ್ಪನ ಲಾರಿಯಲ್ಲಿ ಮಂಗಳೂರಿಗೆ ಹೋಗುತ್ತಿದ್ದೆ. ಶಿರಾಡಿ ಘಾಟಿ ಇಳಿದ ಮೇಲೆ ಚಹಾಕ್ಕೆ ನಿಲ್ಲಿಸಿದ ಕೂಡಲೇ ಕ್ಲೀನರ್ ಹುಡುಗ ಕೆಳಗೆ ಹಾರುತ್ತಿದ್ದ. ಒಂದು ಕೈಯಲ್ಲಿ ಜಾಕಿಯ ಲಿವರ್. ಅದರಲ್ಲಿ ಒಂದೊಂದೇ ಟೈರು ಬಡಿಯುತ್ತ, ಇನ್ನೊಂದು ಅಂಗೈಯನ್ನು ಪ್ರತಿ ಹಬ್ಬಿನ ಮೇಲೂ ಒತ್ತುತ್ತ ಒಂದು ಸುತ್ತು ಬರುತ್ತಿದ್ದ. ಕೊನೆಗೆ ಡ್ರೈವರ್ ಕಡೆ ನೋಡಿ ತಲೆಯಾಡಿಸಿದರೆ ಮಾತ್ರ ಎಲ್ಲರಿಗೂ ಚಹಾ. ನಾನು ಅದನ್ನು ಒಂದು ಥರದ ಪೂಜೆ ಅಂದುಕೊಂಡಿದ್ದೆ.

ಇವತ್ತು ತೋಟದಿಂದ ವಾಪಸು ಬಂದವನು ಎಮ್ಮೆಯನ್ನು ಮನೆ ಮುಂದೆ ನಿಲ್ಲಿಸಿ ಪ್ರದಕ್ಷಿಣೆ ಹಾಕಿದೆ. ಎಡ ಮುಂದಿನದು ಬೆಚ್ಚಗೆ. ಹಿಂದಿನ ಎರಡೂ ಬೆಚ್ಚಗೆ. ಬಲ ಮುಂದಿನದಕ್ಕೆ ಕೈ ಒಯ್ಯುವ ಮೊದಲೇ ಶಾಖ ಮುಖಕ್ಕೆ ಹೊಡೆಯಿತು. ಬೆರಳು ತಾಗಿಸಿ ಎಳೆದುಕೊಂಡೆ. ಸುಟ್ಟ ವಾಸನೆ ಬೇರೆ.

ಬ್ರೇಕ್ ಹಿಡಿದುಕೊಂಡಿದೆ. ಎಷ್ಟು ತಿಂಗಳಿನಿಂದ ಒಂದು ಕಾಲು ಬ್ರೇಕಿನ ಮೇಲಿಟ್ಟ ಹಾಗೆ ಓಡಿಸುತ್ತಿದ್ದೇನೋ!

ಅಕ್ಟೋಬರ್ 12, ಭಾನುವಾರ

ಬಲ ಮುಂದಿನ ಚಕ್ರ ಬಿಚ್ಚಿದೆ. ಕ್ಯಾಲಿಪರ್ ಜಾರುವುದು ಎರಡು ಪಿನ್ನುಗಳ ಮೇಲೆ. ಮೇಲಿನದು ಬೆಣ್ಣೆಯ ಹಾಗೆ ಬಂತು. ಕೆಳಗಿನದನ್ನು ಸುತ್ತಿಗೆಯಲ್ಲಿ ಹೊಡೆದು, ತಿರುಚಿ, ಬೈದು ಹೊರಗೆ ತಂದೆ. ರಬ್ಬರ್ ಟೊಪ್ಪಿ ಹರಿದು ಒಳಗೆ ನೀರು ಹೋಗಿ ಪಿನ್ನಿನ ಮೈಯೆಲ್ಲ ಕಂದು ಹಕ್ಕಳೆ. ಒಳಗಡೆಯ ಬ್ರೇಕ್ ಪ್ಯಾಡ್ ಎರಡು ಮಿಲಿಮೀಟರ್ ಉಳಿದಿದೆ, ಹೊರಗಡೆಯದು ಎಂಟು. ಎರಡನ್ನೂ ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟು ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ. ಹೊಸ ಪಿನ್ನು, ಹೊಸ ಟೊಪ್ಪಿ, ಎರಡೂ ಕಡೆ ಹೊಸ ಪ್ಯಾಡು, ಬ್ರೇಕಿನ ಗ್ರೀಸು. ಎಲ್ಲ ಸೇರಿ 71 ಡಾಲರ್.

ಜಾಕಿಯ ಮೇಲಿದ್ದಾಗಲೇ ಚಕ್ರ ಕೈಯಲ್ಲಿ ತಿರುಗಿಸಿದೆ. ಮೊದಲು ಕಾಲು ಸುತ್ತಿಗೆ ನಿಲ್ಲುತ್ತಿದ್ದದ್ದು ಈಗ ಎರಡು ಸುತ್ತು ಹೋಗಿ ನಿಂತಿತು.

ಅಪ್ಪನ ಉತ್ತರ ರಾತ್ರಿ ಬಂತು. ಬರೀ ಒಂದು ಹೆಬ್ಬೆಟ್ಟಿನ ಚಿತ್ರ.

ಅಕ್ಟೋಬರ್ 26, ಭಾನುವಾರ

ವೇಗದ ಪರೀಕ್ಷೆ ಮುಗಿಯಿತು. ಹೋದ ವಾರ ಒಂದು, ಈ ವಾರ ಒಂದು. ಅದೇ ಪಂಪು, ಗಾಡಿಯ ಮುಖ ಅದೇ ಕಡೆ, ನಳಿಗೆ ಮೊದಲ ಸಲ ಟಕ್ ಅಂದ ಕೂಡಲೇ ನಿಲ್ಲಿಸುವುದು, ಅದರ ಮೇಲೆ ಒಂದು ಹನಿಯೂ ಇಲ್ಲ. ಮನೆಯಿಂದ ತೋಟಕ್ಕೆ 45 ಮೈಲಿ, ಬಹುಪಾಲು 130ನೇ ನಂಬರಿನ ಟೋಲ್ ರಸ್ತೆ. ಅದರ ದಕ್ಷಿಣ ತುದಿಯಲ್ಲಿ ಮಿತಿ ಗಂಟೆಗೆ 85 ಮೈಲಿ, ಅಮೆರಿಕದಲ್ಲೇ ಅತಿ ಹೆಚ್ಚು. 2012ರಲ್ಲಿ ಆ ಭಾಗ ತೆರೆದ ಹೊಸದರಲ್ಲೇ ಕಾಡುಹಂದಿಗಳಿಗೆ ಕಾರುಗಳು ಢಿಕ್ಕಿ ಹೊಡೆದು ಸುದ್ದಿಯಾಗಿತ್ತು. ಇದೇ ದೇಶ 1973ರ ತೈಲ ಬಿಕ್ಕಟ್ಟಿನ ಮಾರನೇ ವರ್ಷ ಇಡೀ ರಾಷ್ಟ್ರಕ್ಕೆ 55ರ ಮಿತಿ ಹಾಕಿ, 1995ರಲ್ಲಿ ತೆಗೆಯಿತು.

ಹೋದ ವಾರ ಜಿಪಿಎಸ್ ನೋಡಿ 80ಕ್ಕೆ ಕ್ರೂಸ್ ಹಾಕಿದೆ. ಹೋಗಿ ಬರಲು 6.5 ಗ್ಯಾಲನ್, ಅಂದರೆ 13.8. ಇವತ್ತು 65ಕ್ಕೆ ಹಾಕಿದೆ. 5.3 ಗ್ಯಾಲನ್, ಅಂದರೆ 17. ಹದಿನೇಳು! ಪಂಪಿನ ಹತ್ತಿರ ಒಬ್ಬನೇ ನಕ್ಕೆ.

ಕಾರಣ ಗುಟ್ಟೇನಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ. 65ರಿಂದ 80ಕ್ಕೆ ಹೋದರೆ ತಡೆ ಒಂದೂವರೆ ಪಟ್ಟು. ಕಾರು ಗಾಳಿಯನ್ನು ಸೀಳುತ್ತದೆ, ಎಮ್ಮೆ ಹಣೆಯಲ್ಲಿ ಗುದ್ದುತ್ತದೆ. ಹೆಚ್ಚಿಗೆ ಹಿಡಿದ ಸಮಯ ಒಂದು ಕಡೆಗೆ ಎಂಟು ನಿಮಿಷ. ಆ ಎಂಟು ನಿಮಿಷದಲ್ಲಿ ನಾನು ಬೇರೆ ಏನೂ ಕಡಿದು ಹಾಕುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಬಲಗಡೆಯ ಸಾಲಿನಲ್ಲಿ ಎಲ್ಲರೂ ಹಿಂದೆ ಹಾಕಿಕೊಂಡು ಹೋಗುವುದನ್ನು ನೋಡುತ್ತ ಕೂರುವುದು ಮೊದಲ ಹತ್ತು ಮೈಲಿ ಕಷ್ಟ. ಆಮೇಲೆ ಲಾರಿಯಲ್ಲಿ ಹೋಗುತ್ತಿದ್ದ ದಿನಗಳ ಹಾಗೆ, ಹೊಲ ಕಾಣತೊಡಗುತ್ತದೆ.

ಅಪ್ಪ ಇದಕ್ಕೆ ಒಪ್ಪಿದರು. ಆದರೆ, "ಇಳಿಜಾರಲ್ಲಿ ನ್ಯೂಟ್ರಲ್‌ಗೆ ಹಾಕು, ಇನ್ನೂ ಉಳಿಯುತ್ತೆ" ಅಂದರು. ಈಗಿನ ಎಂಜಿನ್ನಿನಲ್ಲಿ ಅದು ಉಲ್ಟಾ. ಗೇರಿನಲ್ಲೇ ಇದ್ದು ಕಾಲೆತ್ತಿದರೆ ಇಂಜೆಕ್ಟರುಗಳು ಪೆಟ್ರೋಲ್ ಪೂರ್ತಿ ನಿಲ್ಲಿಸುತ್ತವೆ, ಚಕ್ರವೇ ಎಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಎಂಜಿನ್ ಆರದಿರಲು ಕುಡಿಯಲೇಬೇಕು. ಜೊತೆಗೆ ಘಾಟಿಯಲ್ಲಿ ನ್ಯೂಟ್ರಲ್ ಬಿಟ್ಟು ಬ್ರೇಕ್ ಕಾದು ಕಂದಕಕ್ಕೆ ಬಿದ್ದ ಲಾರಿಗಳು ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಅದನ್ನು ನಾನು ಹೇಳಲಿಲ್ಲ.

ನವೆಂಬರ್ 1, ಶನಿವಾರ

ರಾಜ್ಯೋತ್ಸವ. ಬಿಸಿಬೇಳೆಬಾತಿನ ಡಬರಿ, ಸ್ಪೀಕರು, ಭುವನೇಶ್ವರಿಯ ಪಟ ಎಲ್ಲ ಎಮ್ಮೆಯ ಬೆನ್ನ ಮೇಲೆ. ಸಭಾಂಗಣದ ಹಿಂದೆ ಇಳಿಸುವಾಗ ನಾಲ್ಕು ಜನ ಸೇರಿದರು. ಅದು ಹೇಗೋ ಪಿಕಪ್ ಕಂಡರೆ ಎಲ್ಲರೂ ತಜ್ಞರು.

ಒಬ್ಬರು, ಹಿಂದಿನ ಬಾಗಿಲು ಇಳಿಸಿಕೊಂಡು ಓಡಿಸಿ, ಗಾಳಿ ಸಲೀಸಾಗಿ ಹೋಗುತ್ತೆ ಅಂದರು. ಹೋಗುವುದಿಲ್ಲ. ಬಾಗಿಲು ಮುಚ್ಚಿದ್ದರೆ ಡಬ್ಬದೊಳಗೆ ಗಾಳಿಯದೇ ಒಂದು ಸುಳಿ ನಿಲ್ಲುತ್ತದೆ, ಮೇಲಿನ ಗಾಳಿ ಅದರ ಬೆನ್ನ ಮೇಲೆ ಜಾರಿ ಹೋಗುತ್ತದೆ. ಇಳಿಸಿದರೆ ಆ ಸುಳಿ ಒಡೆಯುತ್ತದೆ. ಡಬ್ಬಕ್ಕೆ ಟಾರ್ಪಾಲಿನ ಮುಚ್ಚಳ ಹಾಕಿದರೆ ಒಂಚೂರು ಲಾಭವುಂಟು. ಆದರೆ ಮುಚ್ಚಳದ ಬೆಲೆ ಇನ್ನೂರೈವತ್ತು ಡಾಲರ್, ಅದು ಹುಟ್ಟುವಷ್ಟರಲ್ಲಿ ಎಮ್ಮೆ ಇರುತ್ತದೋ ಇಲ್ಲವೋ.

ಇನ್ನೊಬ್ಬರು ಡ್ಯಾಶ್‌ಬೋರ್ಡಿನ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸುವ ‘ಮೈಲೇಜ್ ಚಿಪ್’ ಉಚಿತವಾಗಿ ಕೊಟ್ಟರು. ಮನೆಗೆ ಬಂದು ಸ್ಕ್ರೂಡ್ರೈವರಿನಲ್ಲಿ ಎಬ್ಬಿದೆ. ಒಳಗೆ ಮೂರು ಎಲ್‌ಇಡಿ ದೀಪ, ಅವನ್ನು ಮಿಣುಕಿಸುವ ಒಂದು ಸಣ್ಣ ಬಿಲ್ಲೆ. ಗಾಡಿಯ ಕಂಪ್ಯೂಟರಿನ ಜೊತೆ ಮಾತಾಡುವ ಪಿನ್ನಿಗೆ ತಂತಿಯೇ ಇಲ್ಲ. ಇಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿದೆ; ಪ್ರಯೋಜನಕ್ಕೆ ಬಂದವು ತೀರಾ ಕೆಲವು. ಮಗ ದೀಪ ಇಟ್ಟುಕೊಂಡ.

ಮೂರನೆಯವರ ಸಲಹೆ ಇ85 ಹಾಕಿಸಿ, ಅಗ್ಗ ಅಂತ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಅಗ್ಗದ್ದು ಹೆಚ್ಚು ಕುಡಿಸುತ್ತದೆ. ಅಲ್ಲದೆ ಎಮ್ಮೆ ಅದನ್ನು ಜೀರ್ಣಿಸಿಕೊಳ್ಳುವ ಜಾತಿಯದಲ್ಲ. ಚಾಸಿ ನಂಬರಿನ ಎಂಟನೇ ಅಕ್ಷರ ‘ಝಡ್’ ಇರಬೇಕಿತ್ತು, ನಮ್ಮದು ‘ಟಿ’. ಅತ್ತ ಅಪ್ಪ, ಇ20 ಬಂದ ಮೇಲೆ ಸ್ಕೂಟರ್ ಕೊಡುವುದು ಕಮ್ಮಿ ಆಯ್ತು ಅಂತ ದಿನಾ ಗೊಣಗುತ್ತಾರೆ.

ನವೆಂಬರ್ 11, ಮಂಗಳವಾರ

ಚಳಿ ಬಿತ್ತು. ಬೆಳಿಗ್ಗೆ ಮಗ ಎಮ್ಮೆಯಲ್ಲಿ ಶಾಲೆಗೆ ಹೋದವನು, "ಅಪ್ಪಾ, ಹಳದಿ ದೀಪ ಹತ್ತಿದೆ" ಅಂತ ಮೆಸೇಜ್ ಕಳಿಸಿದ. ಸಂಜೆ ಸ್ಕ್ಯಾನರ್ ಸಿಕ್ಕಿಸಿದೆ. ಪಿ0128: ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ. 210ರಲ್ಲಿ ನಿಲ್ಲಬೇಕಾದ ಮುಳ್ಳು 160 ದಾಟುತ್ತಿಲ್ಲ. ಥರ್ಮೋಸ್ಟ್ಯಾಟ್ ತೆರೆದ ಬಾಯಿ ಮುಚ್ಚುತ್ತಿಲ್ಲ. ಟೆಕ್ಸಾಸಿನ ಸೆಕೆಯಲ್ಲಿ ಇದು ಎಷ್ಟು ಕಾಲ ಅವಿತುಕೊಂಡಿತ್ತೋ. ಎಂಜಿನ್ ತಣ್ಣಗಿದ್ದರೆ ಕಂಪ್ಯೂಟರ್ ಪೆಟ್ರೋಲನ್ನು ಧಾರಾಳವಾಗಿ ಸುರಿಯುತ್ತದೆ, ಎಣ್ಣೆಯೂ ಮಂದ.

ಮುಂದಿನ ತಿಂಗಳು ಹೊಗೆ ಪರೀಕ್ಷೆ. ಸುರಕ್ಷತಾ ತಪಾಸಣೆಯನ್ನು ಟೆಕ್ಸಾಸ್ ಈ ಜನವರಿಯಿಂದ ರದ್ದು ಮಾಡಿದೆ. ಆದರೆ ನಮ್ಮ ಟ್ರಾವಿಸ್ ಕೌಂಟಿಯಲ್ಲಿ ಹೊಗೆಯದು ಉಳಿದಿದೆ. ಹಳದಿ ದೀಪ ಉರಿಯುತ್ತಿದ್ದರೆ ಫೇಲು. ಬ್ಯಾಟರಿ ತಂತಿ ಕಳಚಿ ದೀಪ ಆರಿಸಿದರೂ ಕಂಪ್ಯೂಟರ್ ಚಾಡಿ ಹೇಳುತ್ತದೆ.

ಮಗನಿಗೆ ಇನ್ನು ಶಾಲೆಗೆ ಸೈಕಲ್. ಎರಡು ಮೈಲಿಗೆ ವಿ-8 ಎಬ್ಬಿಸಿ, ಅದು ಬೆಚ್ಚಗಾಗುವ ಮೊದಲೇ ಮಲಗಿಸುವುದಕ್ಕಿಂತ ದಂಡ ಇನ್ನಿಲ್ಲ. ಮೂತಿ ಉಬ್ಬಿಸಿದ್ದಾನೆ.

ನವೆಂಬರ್ 15, ಶನಿವಾರ

ಥರ್ಮೋಸ್ಟ್ಯಾಟ್ ಬದಲಿಸಿದೆ. ಎರಡೇ ಬೋಲ್ಟು, ಆದರೆ ಕಿತ್ತಳೆ ಬಣ್ಣದ ಕೂಲಂಟ್ ಅರ್ಧ ಬಕೆಟ್ಟಿಗೆ, ಅರ್ಧ ನನ್ನ ತೋಳಿನೊಳಗೆ. ಅದು ಸಿಹಿ, ನಾಯಿ ಬೆಕ್ಕು ನೆಕ್ಕಿದರೆ ವಿಷ. ನೆಲವನ್ನು ಎರಡು ಸಲ ತೊಳೆದೆ.

ಹಳೆಯದನ್ನು ಬೆಳಕಿಗೆ ಹಿಡಿದರೆ ಕವಾಟದ ಅಂಚಿನಲ್ಲಿ ರೂಪಾಯಿ ನಾಣ್ಯ ತೂರುವಷ್ಟು ಸಂದಿ. ಕುತೂಹಲಕ್ಕೆ ಹಳೆಯದು, ಹೊಸದು ಎರಡನ್ನೂ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟು, ಥರ್ಮಾಮೀಟರ್ ಹಿಡಿದು ನಿಂತೆ. ಹಳೆಯದು ಮೊದಲಿನಿಂದಲೂ ಬಾಯಿ ತೆರೆದೇ ಇತ್ತು. ಹೊಸದು 80 ಡಿಗ್ರಿ ಸೆಲ್ಸಿಯಸ್‌ವರೆಗೂ ಕಲ್ಲು. 86ರ ಹತ್ತಿರ, ಮೊಗ್ಗು ಬಿರಿದ ಹಾಗೆ, ಸದ್ದಿಲ್ಲದೆ ತೆರೆಯಿತು. ಉರಿ ಆರಿಸಿದ ಮೇಲೆ ಅಷ್ಟೇ ನಿಧಾನಕ್ಕೆ ಮುಚ್ಚಿಕೊಂಡಿತು. ಮೂರು ಸಲ ನೋಡಿದೆ.

"ಅದು ಸಾರಿನ ಪಾತ್ರೆ" ಅಂದಳು ಇವಳು ಬಾಗಿಲಲ್ಲಿ ನಿಂತು. ಪಾತ್ರೆ ಈಗ ಗ್ಯಾರೇಜಿನ ಆಸ್ತಿ. ಖರ್ಚಿನ ಕಲಮಿಗೆ: ಥರ್ಮೋಸ್ಟ್ಯಾಟ್ 38, ಕೂಲಂಟ್ 24, ಪಾತ್ರೆ 30.

ಕೈ ಕೊಳೆಯಾಗಿದ್ದಾಗಲೇ ಗಾಳಿ ಅಳೆಯುವ ಸೆನ್ಸರನ್ನೂ ಸ್ಪ್ರೇ ಹೊಡೆದು ತೊಳೆದೆ. ಕೂದಲೆಳೆಯಂಥ ತಂತಿಗಳ ಮೇಲೆ ಜಿಡ್ಡು ಕೂತಿತ್ತು. ಬಣ್ಣದವರು ಹಾಕಿದ್ದ ಎಣ್ಣೆ ಸವರುವ ಫಿಲ್ಟರಿನ ಕೊಡುಗೆ. ನಿಂತಲ್ಲಿ ಎಂಜಿನ್ನಿನ ನಡುಕ ನಿಂತಿತು. ಮೈಲೇಜಿಗೆ ಏನೂ ಆಗಲಿಕ್ಕಿಲ್ಲ.

ಡಿಸೆಂಬರ್ 6, ಶನಿವಾರ

ಹೊಗೆ ಪರೀಕ್ಷೆ ಪಾಸು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಡಿಸೆಂಬರ್ 20, ಶನಿವಾರ

ಅವರೆ ಕೊನೆಯ ಕೊಯ್ಲು. ಎಂಟು ಚೀಲ. ಇಡೀ ಗಾಡಿ ಸೊಗಡಿನ ವಾಸನೆ.

ಪೆಟ್ರೋಲ್ 21.9 ಗ್ಯಾಲನ್. ಓಡೋಮೀಟರ್ 342, ಟೈರಿನ ತಿದ್ದುಪಡಿ ಸೇರಿ 355. ಊರೊಳಗಿನದೂ ಹೆದ್ದಾರಿಯದೂ ಕೂಡಿ 16.2. ಚಳಿಗಾಲದಲ್ಲಿ ಯಾವ ಗಾಡಿಯೂ ಸ್ವಲ್ಪ ಕಡಿಮೆ ಕೊಡುವುದೇ. ಮಾರ್ಚಿಗೆ ಇನ್ನೂ ಒಂದು ಕೈ ನೋಡಬಹುದು. ಇಲ್ಲಿಯವರೆಗಿನ ಖರ್ಚು, ಸ್ಪ್ರೇ ಮತ್ತು ಪಾತ್ರೆ ಸೇರಿ, 175 ಡಾಲರ್. ವರ್ಷಕ್ಕೆ ಒಂಬತ್ತು ಸಾವಿರ ಮೈಲಿ ಓಡಿಸಿದರೆ ಸುಮಾರು 120 ಗ್ಯಾಲನ್ ಉಳಿಯಬೇಕು.

ಅಪ್ಪನಿಗೆ ಫೋನು ಮಾಡಿದೆ. ಲೀಟರಿಗೆ 6.9 ಅಂದೆ.

"ಏಳು ಅಂತ ಬರ್ಕೋ."

ಬರೆದುಕೊಂಡೆ. ಆಮೇಲೆ ಹೊರಗೆ ಹೋಗಿ ನಾಲ್ಕೂ ಹಬ್ ಮುಟ್ಟಿ ನೋಡಿದೆ. ನಾಲ್ಕೂ ಒಂದೇ ಥರ ಬೆಚ್ಚಗಿದ್ದವು.